ಮಗಳು ಮಾತು ಬಿಟ್ಟ ಮನೆ

ಪುರಸೈವಾಕ್ಕಂನ ಬಾಡಿಗೆ ಮನೆಯಲ್ಲಿ ರಘುರಾಮರಿಗಿದ್ದ ಹಠ ಒಂದೇ, ಮನೆಯೊಳಗೆ ಎಲ್ಲರೂ ಕನ್ನಡವನ್ನೇ ಆಡಬೇಕು. ಹಾಸನದಿಂದ ಬಂದು ಮದರಾಸಿನ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ಹದಿನೈದು ವರ್ಷ ಕಳೆದಿದ್ದರೂ ಅವರ ತಮಿಳು ಬಸ್ಸು, ತರಕಾರಿ ಅಂಗಡಿ ದಾಟಿರಲಿಲ್ಲ. ಮಗಳು ಕಲಾವತಿಗೋ ತಮಿಳು ಶಾಲೆ, ತಮಿಳು ಗೆಳತಿಯರು. ಸಂಜೆ ಓಡಿಬಂದು ಏನೋ ಹೇಳಲು ಬಾಯಿ ತೆರೆದರೆ, "ಕನ್ನಡದಲ್ಲಿ ಹೇಳು," ಎಂದು ಅಪ್ಪ ತಡೆಯುತ್ತಿದ್ದರು. ಅವಳು ತಡವರಿಸುತ್ತಾ ಕನ್ನಡಕ್ಕೆ ತಿರುಗಿದರೆ ಪದಪದಕ್ಕೂ ತಿದ್ದುತ್ತಿದ್ದರು. ಬರಬರುತ್ತಾ ಅವಳು ನೇರ ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರವೇ ಹೇಳಿಕೊಳ್ಳತೊಡಗಿದಳು. ತಾಯಿ ಮಗಳ ನಗು ಹೊರಗೆ ಕೇಳುತ್ತಿತ್ತು. ಇವರು ಒಳಗೆ ಕಾಲಿಟ್ಟರೆ ನಿಂತುಬಿಡುತ್ತಿತ್ತು. ಮಗಳ ಸುದ್ದಿಯೆಲ್ಲ ಹೆಂಡತಿ ಸೀತಾಳಿಂದಲೇ ಇವರಿಗೆ ತಿಳಿಯಬೇಕು.

ಎಪ್ಪತ್ತೆಂಟರ ಮಾರ್ಚಿನಲ್ಲಿ, ಒಂದು ಮಧ್ಯಾಹ್ನ, ಸೀತಾ ಎದೆನೋವಿನಿಂದ ತೀರಿಕೊಂಡಳು. ಕಲಾವತಿಗೆ ಆಗ ಹದಿನಾರು.

ಆಮೇಲೆ ಅಪ್ಪ ಮಗಳ ನಡುವೆ ಉಳಿದದ್ದು "ಊಟ ಇಟ್ಟಿದೀನಿ", "ಬರ್ತೀನಿ", ಅಷ್ಟೇ. ಅವಳು ಫಸ್ಟ್ ಕ್ಲಾಸಿನಲ್ಲಿ ಪಾಸಾದದ್ದನ್ನೂ ಎರಡೂ ಭಾಷೆ ಬಲ್ಲ ಕೆಳಮನೆಯ ಅಮ್ಮಣ್ಣಿಯವರ ಬಾಯಲ್ಲಿ ಕೇಳಬೇಕಾಯಿತು. ಮಗಳಿಗೆ ತನ್ನ ಮೇಲೆ ಅಕ್ಕರೆಯೇ ಇಲ್ಲವೆಂದು ರಘುರಾಮರು ಒಳಗೊಳಗೇ ಬೇಯುತ್ತಿದ್ದರು.

ನಾಲ್ಕು ವರ್ಷ ಹೀಗೇ ಹೋಯಿತು. ಒಂದು ದಿನ ಮೈ ಬಿಸಿಯಾದಂತಾಗಿ ಆಫೀಸಿನಿಂದ ಬೇಗ ಬಂದರು. ಒಳಗೆ ಕಲಾವತಿ ಅಮ್ಮಣ್ಣಿಯವರ ಮುಂದೆ ಅಳುತ್ತಾ ತಮಿಳಿನಲ್ಲಿ ಏನೋ ಹೇಳುತ್ತಿದ್ದಳು. ಹೊಸ್ತಿಲಲ್ಲೇ ನಿಂತ ರಘುರಾಮರಿಗೆ ಅರ್ಥವಾದಷ್ಟೇ ಸಾಕಾಯಿತು. ಅಮ್ಮ ಹೋದ ದಿನ ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದಿದ್ದಳಂತೆ. ಪರೀಕ್ಷೆಗೆ ಹೊತ್ತಾಯಿತೆಂದು ಇವಳು ಹೊರಟುಬಿಟ್ಟಿದ್ದಳು. ಅಮ್ಮನನ್ನು ಕೊಂದವಳು ತಾನೇ ಎಂದು ಅಂದಿನಿಂದ ಒಬ್ಬಳೇ ನವೆಯುತ್ತಿದ್ದಳು.

ಅಪ್ಪನನ್ನು ಕಂಡವಳೇ ಕಣ್ಣೊರೆಸಿಕೊಂಡು ಎದ್ದಳು. ಅವರು ಗೋಡೆಗೊರಗಿ ನೆಲದ ಮೇಲೇ ಕೂತರು. ಬಾರದ ತಮಿಳಿನಲ್ಲೇ, ನನ್ನ ಹತ್ತಿರವೂ ಹೇಳಮ್ಮಾ ಎಂದರು. "ಎನ್ ಕಿಟ್ಟೆಯೂ ಸೊಲ್ಲುಮ್ಮಾ."

ಕಲಾವತಿ ತಮಿಳಿನಲ್ಲೇ ಮೊದಲಿಂದ ಹೇಳಿದಳು. ರಘುರಾಮರು ಒಂದು ಕಡೆಯೂ ತಡೆಯಲಿಲ್ಲ.

"ನಂಗೂ ಹೇಳಿದ್ಲು ಕಣಮ್ಮ," ಎಂದರು ಕೊನೆಗೆ. "ಸೋಡಾ ಕುಡಿ, ಸರಿಹೋಗುತ್ತೆ ಅಂದ್ಬಿಟ್ಟು ನಾನೂ ಬಸ್ಸು ಹಿಡಿದೆ."

ಅದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮಗಳೆದುರು ಮೊದಲ ಸಲ ಅತ್ತರು. ಅವಳು ಬಂದು ಪಕ್ಕದಲ್ಲಿ ಕೂತಳು.

ಅಂದಿನಿಂದ ಇಬ್ಬರೂ ಅಷ್ಟಿಷ್ಟು ಮಾತಾಡಿಕೊಳ್ಳತೊಡಗಿದರು, ಅವಳದು ತಮಿಳು, ಇವರದು ಕನ್ನಡ. "ಕನ್ನಡದಲ್ಲಿ ಹೇಳು" ಎನ್ನಲು ನಾಲಿಗೆ ಎದ್ದಾಗ ರಘುರಾಮರು ತಡೆದುಕೊಳ್ಳುತ್ತಿದ್ದರು. ಆದರೆ ಸಿಕ್ಕಿದ್ದು ಎರಡೇ ವರ್ಷ. ಎಂಬತ್ತನಾಲ್ಕರಲ್ಲಿ ಕಲಾವತಿ ಮದುವೆಯಾಗಿ ಸೇಲಂಗೆ ಹೋದಳು. ಅವಳ ತಮಿಳು ಕಾಗದಗಳನ್ನು ಅಮ್ಮಣ್ಣಿಯವರು ಓದಿ ಹೇಳುತ್ತಿದ್ದರು, ಇವರ ಉತ್ತರವನ್ನೂ ಅವರೇ ತಮಿಳಿನಲ್ಲಿ ಬರೆಯುತ್ತಿದ್ದರು.

ಮಗು ಹುಟ್ಟಿದ ಮರುವರ್ಷದ ಕಾಗದದಲ್ಲಿ, ತಾನು ಚಿಕ್ಕವಳಿದ್ದಾಗ ಮೊದಲು ಆಡಿದ ಮಾತು ಯಾವುದು ಎಂದು ಅವಳು ಕೇಳಿದ್ದಳು. ರಘುರಾಮರು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಅದೆಲ್ಲ ಸೀತಂಗೇ ಗೊತ್ತಿತ್ತು, ಅಮ್ಮಣ್ಣಿಯವ್ರೇ," ಎಂದರು. "ನಂಗೆ ಗೊತ್ತಿಲ್ಲ ಅಂತಲೇ ಬರೀರಿ."