ರೆಸಿಸ್ಟರುಗಳ ನಡುವೆ ಅರಿಶಿನ

ನನ್ನ ಕನ್ನಡಕದ ಅಂಗಡಿಯ ಮೇಜಿನ ಮೇಲೆ ಒಂದು ಸ್ಟೀಲಿನ ಮಸಾಲೆ ಡಬ್ಬಿ ಇದೆ. ಜಮಖಂಡಿಯ ಯಾವ ಅಡುಗೆಮನೆಗೆ ಹೋದರೂ ಕಣ್ಣಿಗೆ ಬೀಳುವಂಥದೇ: ದುಂಡನೆಯದು, ಒಳಗೆ ಏಳು ಪುಟ್ಟ ಬಟ್ಟಲು. ವ್ಯತ್ಯಾಸ ಇಷ್ಟೇ, ಸುತ್ತಲಿನ ಬಟ್ಟಲುಗಳಲ್ಲಿ ಸಾಸಿವೆ ಜೀರಿಗೆಗಳ ಬದಲು ಕರೆಂಟಿನ ಹರಿವನ್ನು ಹತೋಟಿಯಲ್ಲಿಡುವ, ಬಣ್ಣಬಣ್ಣದ ಪಟ್ಟೆಯ ರೆಸಿಸ್ಟರುಗಳೂ ಪುಟಾಣಿ ಸ್ಕ್ರೂಗಳೂ ತುಂಬಿವೆ. ನಡುವಿನ ಬಟ್ಟಲಲ್ಲಿ ಮಾತ್ರ ಅಪ್ಪಟ ಅರಿಶಿನ. ಚಾಳೀಸು ಬಂದಿದೆಯೆಂದು ಕನ್ನಡಕ ಮಾಡಿಸಲು ಬಂದವರು ಇದನ್ನು ಕಂಡು, ತಮ್ಮ ಕಣ್ಣು ತಾವೆಣಿಸಿದ್ದಕ್ಕಿಂತ ಕೆಟ್ಟಿದೆಯೆಂದು ಗಾಬರಿಯಾಗುವುದೂ ಉಂಟು. ಡಬ್ಬಿ ನನ್ನದಲ್ಲ. ಬನಹಟ್ಟಿಯ ಕಮಲಕ್ಕನದು, ಅವರ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅದು ಅಡುಗೆಮನೆ ಬಿಟ್ಟು ನನ್ನಂಥವನ ಕೈಗೆ ಸಿಕ್ಕಿದ ಕಥೆಯನ್ನು ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ?

ಕಮಲಕ್ಕನ ಗಂಡ ಮಲ್ಲಪ್ಪ, ಪವರ್‌ಲೂಮಿನ ಮೋಟಾರುಗಳು ಸುಟ್ಟರೆ ಅವಕ್ಕೆ ಹೊಸ ತಂತಿ ಸುತ್ತಿ ಜೀವ ಕೊಡುವವನು. ಮುಧೋಳದ ಮೆಹಬೂಬ ಟ್ರ್ಯಾಕ್ಟರುಗಳ ವೈರಿಂಗ್ ಮಾಡುವವನು. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಯಾವ ಟ್ರ್ಯಾಕ್ಟರು ಕೆಟ್ಟು ನಿಂತರೂ ಮೊದಲು ಅವನ ಫೋನೇ ರಿಂಗಾಗುತ್ತದೆ. ಮೂರನೆಯವನು ನಾನು. ಮೂವರ ಕಸುಬು ಬೇರೆಯಾದರೂ ಹಿಡಿದ ಹುಚ್ಚು ಒಂದೇ, ಮಾಡ್ಯುಲರ್ ಸಿಂಥಸೈಜರನ್ನು ಕೈಯಾರೆ ಕಟ್ಟುವುದು. ಹೆಸರು ದೊಡ್ಡದಾದರೂ ವಿಷಯ ಸರಳ. ವಿದ್ಯುತ್ತಿನಿಂದ ನಾದ ಹುಟ್ಟಿಸುವ ಈ ವಾದ್ಯದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಬಿಡಿ ಭಾಗವಿರುತ್ತದೆ: ಒಂದು ಸ್ವರ ಹುಟ್ಟಿಸುತ್ತದೆ, ಒಂದು ಆ ಸ್ವರವನ್ನು ಸೋಸುತ್ತದೆ, ಒಂದು ತಾಳ ಹಾಕುತ್ತದೆ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿ, ಮುಂದಿನಿಂದ ತಂತಿಗಳನ್ನು ಚುಚ್ಚಿ ಒಂದಕ್ಕೊಂದು ಮಾತು ಹಚ್ಚಿಸಬೇಕು. ಸ್ವರದ ಭಾಗ ಮಲ್ಲಪ್ಪನದು, ಸೋಸುವುದು ಮೆಹಬೂಬನದು, ತಾಳವೂ ಕರೆಂಟಿನ ವ್ಯವಸ್ಥೆಯೂ ನನ್ನದು. ಪೆಟ್ಟಿಗೆಯನ್ನು ಮಲ್ಲಪ್ಪ ತನ್ನ ತಂದೆಯ ಹಳೆಯ ಕೈಮಗ್ಗದ ಹಲಗೆಗಳಿಂದ ಮಾಡಿದ್ದ. ಲಾಳಿ ಓಡಾಡಿ ನುಣುಪಾದ ಆ ಸಾಗವಾನಿಗೆ ಪಾಲಿಶ್ ಬೇಕಾಗಲೇ ಇಲ್ಲ. ರೆಸಿಸ್ಟರು ಇಡಲು ಜಾಗವಿಲ್ಲವೆಂದು ಹೆಂಡತಿಯ ಮಸಾಲೆ ಡಬ್ಬಿಯನ್ನು ಖಾಲಿ ಮಾಡಿ ತಂದವನೂ ಅವನೇ.

ರವಿವಾರಗಳಂದು ನನ್ನ ಅಂಗಡಿಯ ಅರ್ಧ ಬಾಗಿಲು ಎಳೆದು ನಾವು ಕೂರುತ್ತಿದ್ದೆವು. ಕುದಿಸಿದ ಚಹಾ, ಬೆಸುಗೆಯ ಹೊಗೆ, ಡಬ್ಬಿಯಿಂದ ಬರುವ ಹಳೆಯ ಮಸಾಲೆಯ ವಾಸನೆ, ಇವೆಲ್ಲ ಬೆರೆತ ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ದಾರಿಹೋಕರು ಇಣುಕಿ, "ಇದರಾಗ ಯಾವ ಹಾಡ ಬರತಾವ್ರಿ?" ಎಂದು ಕೇಳುತ್ತಿದ್ದರು. ಹಾಡು ಬರುವುದಿಲ್ಲ ಎಂದರೆ ಮರುಕದಿಂದ ಮುಂದೆ ಹೋಗುತ್ತಿದ್ದರು. ರವಿವಾರ ಗಂಡನಿಗೆ ಫೋನ್ ಹಚ್ಚಿದಾಗಲೆಲ್ಲ ಹಿಂದಿನಿಂದ ಅದರ ಸದ್ದು ಕೇಳಿ ಕೇಳಿ ಬೇಸತ್ತ ಕಮಲಕ್ಕ ಮಾತ್ರ ಅದಕ್ಕೆ "ಕರೆಂಟ್ ಹೊಡದ ಬೆಕ್ಕು" ಎಂದು ಹೆಸರಿಟ್ಟಿದ್ದರು. ನಾನು ಫೋನ್ ಮಾಡಿದಾಗಲೆಲ್ಲ, ಗಂಡನಿಗೆ ಕೊಡುವ ಮೊದಲು, "ನನ್ನ ಡಬ್ಬಿ ಯಾವಾಗ ಕೊಡತೀರಿ?" ಎಂದು ಕೇಳಲು ಮರೆಯುತ್ತಿರಲಿಲ್ಲ.

ಮಲ್ಲಪ್ಪನ ಸ್ವರಕ್ಕೊಂದು ಚಾಳಿಯಿತ್ತು. ಬಿಸಿಲೇರಿದಂತೆ ಅದೂ ಏರುತ್ತಿತ್ತು. ಹೊತ್ತೇರುವ ಮೊದಲು ಕಟ್ಟಿದ ಷಡ್ಜ, ಊಟದ ಹೊತ್ತಿಗೆ ಯಾರಿಗೂ ಹೇಳದೆ ಮೇಲಿನ ಮನೆಗೆ ಕಾಲಿಟ್ಟಿರುತ್ತಿತ್ತು. ಶಾಖವನ್ನು ಸರಿದೂಗಿಸುವ ಚಿಕ್ಕದೊಂದು ರೆಸಿಸ್ಟರು ಹಾಕಿದರೆ ತೀರಿತು, ಆದರೆ ಅವನು ಹಾಕಲೊಲ್ಲ. ಸ್ವರ ನಿಲ್ಲದೆ ಮೆಹಬೂಬ ತಲೆ ಚಚ್ಚಿಕೊಂಡರೆ, "ಬ್ಯಾಸಗ್ಯಾಗ ನನಗೂ ತಲಿ ಏರತೈತಿ, ಅದಕ್ಕ ಏರಬಾರದೇನು? ಮುಂದಿನ ವಾರ ನೋಡೂಣು ತಗೋ" ಎಂದು ನಗುತ್ತಿದ್ದ.

ಆ ಮುಂದಿನ ವಾರ ಬರಲಿಲ್ಲ. ಹೋದ ವರ್ಷ ದಸರೆ ಕಳೆದ ಮೇಲೆ, ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ನಾವಿಬ್ಬರು ಪೆಟ್ಟಿಗೆಗೆ ಬಟ್ಟೆ ಮುಚ್ಚಿದೆವು. ಮೆಹಬೂಬ ಜಮಖಂಡಿಗೆ ಬರುವುದನ್ನೇ ಬಿಟ್ಟ, ನಾನು ರವಿವಾರವೂ ಅಂಗಡಿಯ ಪೂರ್ತಿ ಬಾಗಿಲು ತೆರೆದು ವ್ಯಾಪಾರಿಯಾದೆ.

ಕೆಲವು ತಿಂಗಳ ಮೇಲೆ ಕಮಲಕ್ಕ ಒಂದೇ ಒಂದು ಮಾತು ಕೇಳಿದರು: "ಅವರ ಕೈಲೆ ಮಾಡಿದ್ದಷ್ಟ ನನಗ ಕೊಡ್ರಿ." ಯಾವ ಬಾಯಿಂದ ಇಲ್ಲವೆನ್ನುವುದು? ಸ್ಕ್ರೂ ಬಿಚ್ಚಿ, ಮಲ್ಲಪ್ಪನ ಭಾಗವನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟು ಬಂದೆ. ಪೆಟ್ಟಿಗೆಯಲ್ಲಿ ಅಂಗೈಯಗಲದ ತೂತು ಉಳಿಯಿತು. ವಾರ ಕಳೆಯುವಷ್ಟರಲ್ಲಿ ಅವರ ಫೋನು. "ಫೋಟೋದ ಬಾಜೂಕ ಇಟ್ಟು ದಿನಾ ತಿರುವಿ ನೋಡಾಕತ್ತೇನ್ರಿ. ಬಾಯಿನ ಬಿಡವಲ್ದು. ಬಿಚ್ಚೂ ಮುಂದ ಏನರ ಮುರೀತೇನು? ಖರೆ ಹೇಳ್ರಿ." ರವಿವಾರ ಬಂದು ಹಚ್ಚಿ ತೋರಿಸುತ್ತೇವೆಂದೆ. ಏನೂ ಮುರಿದಿರಲಿಲ್ಲ. ಒಂಟಿ ಭಾಗಕ್ಕೆ ಬಾಯಿಯೇ ಇಲ್ಲ. ನನ್ನ ಕರೆಂಟು, ಮೆಹಬೂಬನ ಸೋಸುವಿಕೆ, ಕೊನೆಗೊಂದು ಸ್ಪೀಕರು, ಇವೆಲ್ಲ ಸೇರಿದರೆ ತಾನೇ ಅದು ದನಿ. ಅದರೊಳಗೇ ಮುಳುಗಿದ್ದ ನಮಗೆ ಇಷ್ಟು ಸಣ್ಣ ಸಂಗತಿಯನ್ನು ಆಕೆಗೆ ಹೇಳಬೇಕೆಂದೇ ಹೊಳೆದಿರಲಿಲ್ಲ. ಗಂಡನ ದನಿಯನ್ನು ಎರಡನೆಯ ಸಲ ಕಳೆದುಕೊಂಡೆನೆಂದು ಆಕೆ ವಾರವಿಡೀ ಒಬ್ಬರೇ ನೊಂದಿದ್ದರು.

ಬಂದ ರವಿವಾರವೇ ಮೆಹಬೂಬನ ಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಬನಹಟ್ಟಿಗೆ ಹೋದೆವು. ನಾನು ಮಸಾಲೆ ಡಬ್ಬಿಯನ್ನೂ ಖಾಲಿ ಮಾಡಿ, ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದು, ಕೊಟ್ಟೇಬಿಡೋಣವೆಂದು ಒಯ್ದಿದ್ದೆ. ಓಣಿಯ ತುಂಬ ಮಗ್ಗಗಳ ಖಟಪಟ. ನಡುಮನೆಯಲ್ಲಿ ಪೆಟ್ಟಿಗೆ ಇಳಿಸಿ, ಮಲ್ಲಪ್ಪನ ಭಾಗವನ್ನು ಕೈಗೆತ್ತಿಕೊಂಡ ಮೆಹಬೂಬ ಕಿಸೆಯಿಂದ ಪುಟ್ಟದೊಂದು ಪೊಟ್ಟಣ ತೆಗೆದ. ಆ ಶಾಖದ ರೆಸಿಸ್ಟರು! ಗೆಳೆಯನಿಗೆ ಸಲ್ಲಿಸುವ ಕಡೆಯ ಸೇವೆಯೆಂದು ಎಲ್ಲಿಂದಲೋ ತರಿಸಿದ್ದ.

"ಏನ ಮಾಡಾಕತ್ತೀರಿ?" ಎಂದರು ಕಮಲಕ್ಕ.

"ಬಿಸಲಿಗೆ ಏರತೈತ್ರಿ ವೈನಿ, ಇದನ್ನ ಹಾಕಿದ್ರ ಒಂದ ಕಡೆ ನಿಂದರತೈತಿ. ಛಲೋ ಆಗತೈತಿ."

ಆಕೆ ಅದನ್ನು ಅವನ ಕೈಯಿಂದ ತೆಗೆದುಕೊಂಡರು. "ಇಷ್ಟ ವರ್ಷ ಬಾಳೇವು ಮಾಡಿ ನನಗ ಅವರನ್ನ ತಿದ್ದಾಕ ಆಗಲಿಲ್ಲ. ಈಗ ನೀವು ತಿದ್ದತೀರೇನು? ಇದ್ದಂಗ ಹಚ್ಚರಿ."

ಇದ್ದಂತೆಯೇ ಹಚ್ಚಿದೆವು. ನಾನು ಕರೆಂಟು ಕೊಟ್ಟೆ, ಮೆಹಬೂಬ ತಂತಿ ಚುಚ್ಚಿದ, ಕರೆಂಟ್ ಹೊಡೆದ ಬೆಕ್ಕು ಎದ್ದು ಕೂತಿತು. ಕಮಲಕ್ಕ ಕಂಬಕ್ಕೆ ಒರಗಿ ಕೂತರು. ಹೆಂಚಿನ ಮನೆ ಕಾಯತೊಡಗಿತು. ತುಸು ಹೊತ್ತಿಗೆ ಸ್ವರ ತನ್ನ ಜಾಗ ಬಿಟ್ಟು ಮೆಲ್ಲಗೆ ಮೇಲೆ ಸರಿಯಿತು. "ಏರಿತು ನೋಡ್ರಿ, ಏರಿತು!" ಎಂದು ಆಕೆ ನಕ್ಕರು, ನಗುನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡರು. ಮೆಹಬೂಬ ಗೋಡೆಯ ಕಡೆ ಮುಖ ತಿರುಗಿಸಿದ. ನಾನು ನನ್ನ ಕನ್ನಡಕ ಒರೆಸಿಕೊಂಡೆ. ಕನ್ನಡಕದವನಿಗೆ ಅದೊಂದು ಅನುಕೂಲ.

ಹೊರಡುವಾಗ ಮಲ್ಲಪ್ಪನ ಭಾಗವನ್ನು ಮತ್ತೆ ಬಿಚ್ಚಲು ಹೋದರೆ ಆಕೆ ತಡೆದರು. "ಒಂದ ಇಟ್ಟಕೊಂಡರ ಮತ್ತ ಮೂಕ ಆಗತೈತಿ. ಎಲ್ಲಾ ಇಲ್ಲೇ ಇರಲಿ, ರವಿವಾರ ನೀವ ಬರ್ರಿ." ನಾನು ಡಬ್ಬಿ ಮುಂದಿಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿ, "ಯಾಕ ಇಷ್ಟ ತೊಳದ್ರಿ? ಏನೂ ಉಳದಿಲ್ಲಲಾ ಇದರಾಗ" ಎಂದವರೇ ಒಳಗೆ ಹೋದರು. ತಂದುಕೊಟ್ಟಾಗ ನಡುವಿನ ಬಟ್ಟಲಲ್ಲಿ ಅಡುಗೆಯ ಅರಿಶಿನವಿತ್ತು. "ಉಳದದ್ದರಾಗ ನಿಮ್ಮ ಸಾಮಾನು ಹಾಕ್ರಿ."

ಈಗ ನಮ್ಮ ರವಿವಾರಗಳು ಬನಹಟ್ಟಿಯಲ್ಲಿ. ಡಬ್ಬಿ ವಾರವೆಲ್ಲ ಅಂಗಡಿಯಲ್ಲಿ ನನ್ನೊಡನಿದ್ದು, ರವಿವಾರ ನನ್ನೊಡನೆ ಬಸ್ಸು ಹತ್ತುತ್ತದೆ. ಮೇಜಿಗೆ ಬೀಳುವ ಬಿಸಿಲಿಗೆ ಅರಿಶಿನ ಬಣ್ಣ ಕಳೆದುಕೊಂಡಿರುತ್ತದೆ. ನಾವು ತಂತಿ ಚುಚ್ಚುತ್ತಿರುವಾಗ ಕಮಲಕ್ಕ ಹಳೆಯದನ್ನು ಸುರಿದು ಹೊಸದನ್ನು ತುಂಬಿಡುತ್ತಾರೆ. ಡಬ್ಬಿ ಯಾವಾಗ ಕೊಡುತ್ತೀರೆಂದು ಈಗ ಅವರು ಕೇಳುವುದಿಲ್ಲ. ನಾನೂ ಕೊಡುವುದಿಲ್ಲ.