ಚಾಚಾನ ನಾಜೂಕು ಕೋಲು

ಹುಮನಾಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಡಿಯಾರ ರಿಪೇರಿಯ ಚಾಚಾ ಹಳೆಯ ಗಾಳದ ಕೋಲುಗಳನ್ನು ಕೂಡಿಡುತ್ತಿದ್ದರು. ಬಿದಿರಿನ ಸೀಳುಗಳನ್ನು ಅಂಟಿಸಿ, ರೇಷ್ಮೆ ದಾರ ಸುತ್ತಿ ಮಾಡಿದ, ಸಾಹೇಬರ ಕಾಲದ ಕೋಲುಗಳವು. ಯಾರಾದರೂ ಮುಟ್ಟಲು ಹೋದರೆ “ನಾಜೂಕ್ ಅದರಿ” ಎನ್ನುತ್ತ, ಹಸುಗೂಸನ್ನು ಎತ್ತುವಂತೆ ತಾವೇ ಎರಡೂ ಕೈಯಲ್ಲಿ ಎತ್ತಿ ತೋರಿಸುವರು.

ಒಂದು ಭಾನುವಾರ ನನ್ನನ್ನೂ ಬಸವಕಲ್ಯಾಣದ ಕೆರೆಗೆ ಕರೆದೊಯ್ದರು. ಮಧ್ಯಾಹ್ನದವರೆಗೆ ಒಂದು ಮೀನೂ ಸುಳಿಯಲಿಲ್ಲ. ಚಾಚಾ ಬಹಳ ಖುಷಿಯಲ್ಲಿದ್ದರು. ಆಮೇಲೆ ದೊಡ್ಡದೊಂದು ಕಚ್ಚಿತು. ಕೋಲು ಬಿಲ್ಲಿನಂತೆ ಬಾಗಿತು, ಚಾಚಾನ ಮುಖ ಬಿಳಿಚಿಕೊಂಡಿತು.

“ಎಳೀರಿ ಚಾಚಾ,” ಎಂದೆ.

“ಎಳದ್ರ ಕೋಲು ಮುರೀತದಪಾ. ಮೀನ ಕೆರ್ಯಾಗ ಭಾಳ ಅವ,” ಎಂದವರೇ ಜೇಬಿನಿಂದ ಸಣ್ಣ ಕತ್ತರಿ ತೆಗೆದು ದಾರ ಕತ್ತರಿಸಿಬಿಟ್ಟರು. ಕತ್ತರಿಯನ್ನು ಮನೆಯಿಂದಲೇ ತಂದಿದ್ದರು.

ವಾಪಸ್ ಬಂದವರು ಹುಮನಾಬಾದಿನ ಬಜಾರಿನಲ್ಲಿ ಒಂದು ಮೀನು ಕೊಂಡರು. ಕೋಲಿಗೆ ಶಾಲು ಸುತ್ತಿತ್ತು, ಮೀನು ಪ್ಲಾಸ್ಟಿಕ್ ಚೀಲದಲ್ಲಿತ್ತು. ಬಾಗಿಲು ತೆರೆದ ಚಾಚಿಗೆ ಚೀಲ ಕೊಟ್ಟು, “ಗಾಳಕ್ಕ ಬಿತ್ತು,” ಎಂದು ಒಳಗೆ ಹೋದರು.

ಚಾಚಿ ಚೀಲದೊಳಗೆ ಇಣುಕಿ ನನಗೆ ಹೇಳಿದರು: “ಇವರ ಗಾಳಕ್ಕ ಬೀಳೋ ಮೀನು ಯಾವಾಗ್ಲೂ ಹೊಟ್ಟಿ ಸಾಫ್ ಮಾಡಿಸ್ಕೊಂಡೇ ಬರ್ತಾವ ನೋಡಪಾ.”