ವಾಷಿಂಗ್ಟನ್ನರ ಐದನೆಯ ಮಂತ್ರಿ

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ದತ್ತಾತ್ರೇಯ ಸ್ವೀಡನ್ನಿನ ನಾರ್‌ಶೋಪಿಂಗ್‌ನ ತಮ್ಮ ಮನೆಯಲ್ಲಿ ಹಳೆಯ ಕ್ವಿಜ್ ಚೀಟಿಗಳನ್ನು ಊಟದ ಮೇಜಿನ ಮೇಲೆ ವರ್ಷವಾರು ಜೋಡಿಸುತ್ತಿದ್ದರು. ಕನ್ನಡ ಕೂಟದ ಯುಗಾದಿ ಕ್ವಿಜ್ ಹನ್ನೊಂದು ವರ್ಷದಿಂದ ಅವರದೇ ಉಸ್ತುವಾರಿ. ಓದಿದ್ದು ಭೌತಶಾಸ್ತ್ರ, ಕೆಲಸ ಸರಕು ಸಾಗಣೆಯ ಕಂಪನಿಯೊಂದರಲ್ಲಿ. ಪ್ರಶ್ನೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಮುನ್ನ ಒಂದೊಂದನ್ನೂ ಮತ್ತೆ ಪರೀಕ್ಷಿಸುತ್ತಿದ್ದರು.

ಏಳು ವರ್ಷದ ಹಿಂದಿನ ಚೀಟಿಯೊಂದರ ಮೇಲೆ ಕೈ ನಿಂತಿತು. ‘ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ನರ ಮೊದಲ ಸಚಿವ ಸಂಪುಟದಲ್ಲಿ ಎಷ್ಟು ಜನ? ಉತ್ತರ: ಐದು.’ ಪುಸ್ತಕ ತೆರೆದರು. ಜೆಫರ್ಸನ್, ಹ್ಯಾಮಿಲ್ಟನ್, ನಾಕ್ಸ್, ರಾಂಡಾಲ್ಫ್. ನಾಲ್ಕೇ. ಉಪಾಧ್ಯಕ್ಷ ಆ್ಯಡಮ್ಸ್‌ರನ್ನು ಸಂಪುಟದೊಳಗೆ ಕೂರಿಸಿದವರು ದತ್ತಾತ್ರೇಯರೇ.

“ಅಹನಾ ಅವತ್ತು ನಾಲ್ಕು ಅಂದಿದ್ಲು ಕಣೇ.”

“ಸಂಜಯ್ ಮಗಳಾ?” ಹೆಂಡತಿ ಪದ್ಮಿನಿ ಒಲೆಯ ಕಡೆಯಿಂದ ತಿರುಗಿದರು. “ಅವಳು ಆಮೇಲೆ ಕ್ವಿಜ್‌ಗೇ ಬರ್ಲಿಲ್ವಲ್ರೀ. ಒಂದು ಮೆಸೇಜ್ ಹಾಕ್ಬಿಡಿ. ಡಾಕ್ಟರ್ ಓದೋ ಹುಡುಗಿಗೆ ನಿಮ್ ವಾಷಿಂಗ್ಟನ್ ಯಾಕೆ ಈಗ?”

ಮೆಸೇಜ್ ಸಾಲದೆನಿಸಿತು. ತುಂಬಿದ ಸಭೆಯಲ್ಲಿ ಆದ ತಪ್ಪು. ಮುಖ ನೋಡಿಯಾದರೂ ಒಪ್ಪಿಕೊಳ್ಳಬೇಕು. ಫೋನ್ ಮಾಡಿ, ಮಧ್ಯಾಹ್ನದ ರೈಲು ಹಿಡಿದು ಅವಳು ಓದುತ್ತಿದ್ದ ಫ್ಲೆಮಿಂಗ್ಸ್‌ಬೆರ್ಯ್‌ಗೆ ಹೋದರು.

ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಅಹನಾ ಕಾಯುತ್ತಿದ್ದಳು. ಹನ್ನೆರಡರ ಹುಡುಗಿಗೆ ಈಗ ಹತ್ತೊಂಬತ್ತು. “ಬರೀ ಫಿಕಾಗೆ, ಒಂದ್ ಕಾಫಿ-ಬನ್ನಿಗೆ ಇಷ್ಟ್ ದೂರ ಬಂದ್ರಾ ಅಂಕಲ್? ಇಲ್ಲಿ ಕಾಫಿ ಸೂಪರ್ ಕೆಟ್ಟದಾಗಿರುತ್ತೆ.”

ಅವರು ಚೀಟಿಯನ್ನು ಅವಳ ಮುಂದಿಟ್ಟರು. “ನಿನ್ನ ಉತ್ತರ ಸರಿ ಇತ್ತಮ್ಮ. ತಪ್ಪು ನಂದು.”

ಅವಳು ಓದಿದಳು. ನಗು ನಿಧಾನವಾಗಿ ಇಳಿಯಿತು. “ಸ್ಕೂಲ್ ಪ್ರಾಜೆಕ್ಟ್‌ಗೆ ಓದಿದ್ದೆ. ನಾಲ್ಕೂ ಹೆಸರು ಹೇಳಿದ್ನಲ್ಲ? ನೀವು ‘ಕೂತ್ಕೋ ಪುಟ್ಟಿ’ ಅಂದ್ರಿ.”

“ಹೌದು.”

“ಮನೇಗ್ ಹೋಗಿ ಚೆಕ್ ಮಾಡ್ಲೂ ಇಲ್ಲ ಅಂಕಲ್. ನನ್ ತಲೇನೇ ಸರಿ ಇಲ್ಲ ಅಂದ್ಕೊಂಡೆ. ಕ್ಲಾಸಲ್ಲೂ ಕೈ ಎತ್ತೋದ್ ಬಿಟ್ಟೆ, ಸುಮಾರ್ ದಿನ.” ಬನ್ನಿನ ತುದಿ ಮುರಿದಳು. “ಐದು ಅಂದಿದ್ದಕ್ಕಲ್ಲ. ನಾನು ಇನ್ನೊಂದ್ ಕೇಳಿದ್ನಲ್ಲ, ಅದಕ್ಕೆ ನೀವ್ ಕೊಟ್ಟ ಉತ್ತರಕ್ಕೆ.”

ದತ್ತಾತ್ರೇಯರಿಗೆ ಅದೂ ನೆನಪಿತ್ತು. ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನು ಹೇಗೆ ಹೇಳುವುದೆಂದೇ ಯೋಚಿಸಿದ್ದರು. ‘ಐದು’ ಎಂಬ ಉತ್ತರಕ್ಕೆ ಅವರು ಯಾವ ಪುಸ್ತಕವನ್ನೂ ತೆರೆದಿರಲಿಲ್ಲ. ಉಳಿದ ಪ್ರಶ್ನೆಗಳನ್ನೆಲ್ಲ ಹುಡುಕಿ ತೆಗೆದವರು, ಒಂದು ಕಡಿಮೆ ಬಿತ್ತೆಂದು ಅದೊಂದನ್ನು ಬಾಯಿಗೆ ಬಂದಂತೆ ಬರೆದುಕೊಂಡಿದ್ದರು.

“ಒಂದರಲ್ಲೂ ನೋಡಿರ್ಲಿಲ್ಲಮ್ಮ,” ಎಂದರು.

ಅವಳು ಚೀಟಿಯನ್ನು ಅವರ ಕಡೆಗೆ ಸರಿಸಿದಳು.

ಆ ದಿನ ಅವಳು ಕೂರದೆ, ಎಲ್ಲರೂ ನಗುತ್ತಿರುವಾಗಲೇ ಕೇಳಿದ್ದಳು: “ಅಂಕಲ್, ನೀವು ಎಷ್ಟು ಪುಸ್ತಕದಲ್ಲಿ ನೋಡಿದ್ರಿ?” ಅವರು ಮೈಕನ್ನು ಬಾಯಿಗೆ ಹತ್ತಿರ ತಂದು, ಸಭೆಗೆಲ್ಲ ಕೇಳುವಂತೆ ಹೇಳಿದ್ದರು: “ಮೂರು.”